ಟೆಕ್ಸಸ್‌ನಲ್ಲಿ ಮನೆ ಕೊಂಡವರಿಗೆ: ಆಸ್ತಿ ತೆರಿಗೆ, ಹೋಮ್‌ಸ್ಟೆಡ್ ವಿನಾಯಿತಿ, ಪ್ರೊಟೆಸ್ಟ್

ಟೆಕ್ಸಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ ಎಂಬ ಮಾತನ್ನು ಕ್ಯಾಲಿಫೋರ್ನಿಯಾದಿಂದ ಬರುವ ನಮ್ಮವರೆಲ್ಲ ಕೇಳಿಕೊಂಡೇ ಬಂದಿರುತ್ತಾರೆ. ಮಾತು ನಿಜವೇ. ಆದರೆ ಶಾಲೆ, ರಸ್ತೆ, ಪೊಲೀಸು, ಅಗ್ನಿಶಾಮಕ ದಳ ಇವಕ್ಕೆಲ್ಲ ದುಡ್ಡು ಎಲ್ಲಿಂದಲಾದರೂ ಬರಬೇಕಲ್ವಾ? ಅದರ ದೊಡ್ಡ ಪಾಲು ನಿಮ್ಮ ಮನೆಯ ಮೇಲಿನ ತೆರಿಗೆಯಿಂದಲೇ ಬರುತ್ತದೆ. ಫ್ರಿಸ್ಕೊ, ಪ್ರಾಸ್ಪರ್, ಕೇಟಿ, ಲಿಯಾಂಡರ್ ಕಡೆ ಒಟ್ಟು ದರ ಮನೆಯ ಬೆಲೆಯ ಶೇ 2ರ ಆಸುಪಾಸು ಇರುತ್ತದೆ. ಕೆಲವು ಹೊಸ ಬಡಾವಣೆಗಳಲ್ಲಿ ಅದಕ್ಕಿಂತ ಜಾಸ್ತಿ. 5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್. ಸಾಲ ತೀರಿದರೂ ಈ ಖರ್ಚು ತೀರುವುದಿಲ್ಲ.

ಹಾಗಾಗಿ ಮನೆಯ ಬಡ್ಡಿದರಕ್ಕೆ ಕೊಡುವಷ್ಟೇ ಗಮನವನ್ನು ಇದಕ್ಕೂ ಕೊಡಬೇಕು. ಮಾಡಬೇಕಾದ ಕೆಲಸ ತುಂಬಾ ಏನಿಲ್ಲ. ಮನೆ ಕೊಂಡ ಕೂಡಲೇ ಹೋಮ್‌ಸ್ಟೆಡ್ ವಿನಾಯಿತಿಗೆ ಒಂದು ಅರ್ಜಿ, ಮರು ವರ್ಷದ ಬೇಸಿಗೆಯಲ್ಲಿ ಮನೆಗೆ ಕಟ್ಟಿದ ಬೆಲೆಯ ಮೇಲೆ ಒಂದು ತಕರಾರು, ಅಂದರೆ ಪ್ರೊಟೆಸ್ಟ್. ಮೊದಲನೆಯದನ್ನು ಹೆಚ್ಚಿನವರು ಮಾಡುತ್ತಾರೆ. ಎರಡನೆಯದನ್ನು ‘ಮುಂದಿನ ವರ್ಷ ನೋಡೋಣ’ ಎಂದು ಬಿಡುತ್ತಾರೆ. ಬಿಡಬಾರದ ವರ್ಷ ಅದೇ. ಯಾಕೆಂದು ಮುಂದೆ ಹೇಳುತ್ತೇನೆ.

ಯಾವ ಕಚೇರಿಯ ಕೆಲಸ ಏನು

ಇಲ್ಲಿ ಮೂರು ಕೈಗಳಿವೆ. ಮನೆಗೆ ಬೆಲೆ ಕಟ್ಟುವುದು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್. ದರ ಗೊತ್ತು ಮಾಡುವುದು ಶಾಲಾ ಡಿಸ್ಟ್ರಿಕ್ಟ್, ಸಿಟಿ, ಕೌಂಟಿ, ಕಮ್ಯುನಿಟಿ ಕಾಲೇಜು ಮುಂತಾದವು, ಬೇರೆ ಬೇರೆಯಾಗಿ. ದುಡ್ಡು ಕಟ್ಟಿಸಿಕೊಳ್ಳುವುದು ಸಾಮಾನ್ಯವಾಗಿ ಕೌಂಟಿಯ ಟ್ಯಾಕ್ಸ್ ಆಫೀಸು. ರಾಜ್ಯ ಸರ್ಕಾರ ತಾನೇ ಆಸ್ತಿ ತೆರಿಗೆ ಹಾಕುವುದಿಲ್ಲ. ಬೆಲೆ ಜಾಸ್ತಿ ಆಯಿತು ಎಂದು ಟ್ಯಾಕ್ಸ್ ಆಫೀಸಿನ ಕೌಂಟರಿನಲ್ಲಿ ವಾದ ಮಾಡಿದರೆ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಅದು ಇಲ್ಲ. ವಿನಾಯಿತಿಯ ಅರ್ಜಿ ಹೋಗುವುದೂ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೇ.

ಇಡೀ ಲೆಕ್ಕಕ್ಕೆ ಆಧಾರ ಜನವರಿ 1. ಆ ದಿನ ಮನೆ ಹೇಗಿತ್ತೋ ಆ ಸ್ಥಿತಿಗೆ ಬೆಲೆ ಕಟ್ಟುತ್ತಾರೆ. ಏಪ್ರಿಲ್ ಸುಮಾರಿಗೆ ನೋಟಿಸು ಬರುತ್ತದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ದರ ತೀರ್ಮಾನವಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಿಲ್ಲು. ಕಟ್ಟಲು ಜನವರಿ 31ರವರೆಗೆ ಸಮಯ. ಬೆಂಗಳೂರಿನಲ್ಲಿ ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಕ್ಕಿ ಅಭ್ಯಾಸವಾದವರು ಇಲ್ಲೂ ಅಂಥದ್ದೇನಾದರೂ ಇದೆಯಾ ಎಂದು ಕೇಳುತ್ತಾರೆ. ಹೆಚ್ಚಿನ ಕಡೆ ಇಲ್ಲ. ತಡ ಮಾಡಿದರೆ ದಂಡ ಮಾತ್ರ ಖಂಡಿತ. ಫೆಬ್ರವರಿ 1ಕ್ಕೇ ದಂಡ, ಬಡ್ಡಿ ಸೇರಿ ಶೇ 7. ಜುಲೈ ತಲುಪಿದರೆ ಶೇ 18, ಅದರ ಮೇಲೆ ವಸೂಲಿಯ ವಕೀಲರ ಫೀ ಶೇ 20ರವರೆಗೂ ಬೀಳಬಹುದು.

ಕೊಳ್ಳುವ ಮುಂಚೆ: ಜಾಹೀರಾತಿನಲ್ಲಿರುವ ತೆರಿಗೆ ನಿಮ್ಮದಲ್ಲ

ಮನೆ ಹುಡುಕುವಾಗ ವೆಬ್‌ಸೈಟುಗಳಲ್ಲಿ ‘ಕಳೆದ ವರ್ಷದ ತೆರಿಗೆ’ ಎಂದು ಒಂದು ಮೊತ್ತ ಕಾಣುತ್ತದೆ. ಅದು ಮಾರುವವರ ತೆರಿಗೆ. ಅವರು ಹತ್ತು ವರ್ಷದಿಂದ ಅಲ್ಲಿದ್ದರೆ, ಮನೆಯ ಮಾರುಕಟ್ಟೆ ಬೆಲೆ 6 ಲಕ್ಷ ಇದ್ದರೂ ಅವರಿಗೆ ತೆರಿಗೆ ಬೀಳುತ್ತಿರುವುದು 4.2 ಲಕ್ಷದ ಮೇಲೆ ಇರಬಹುದು. ಅವರಿಗೆ 65 ದಾಟಿದ್ದರೆ ಇನ್ನೂ ಕಡಿಮೆ. ಮನೆ ಕೈ ಬದಲಾದ ಮೇಲೆ ಆ ರಕ್ಷಣೆಯೆಲ್ಲ ಹೋಗುತ್ತದೆ, ನಿಮ್ಮ ಲೆಕ್ಕ ಪೂರ್ತಿ ಬೆಲೆಯಿಂದ ಶುರು. ಆ ವಿಳಾಸಕ್ಕೆ ಅನ್ವಯಿಸುವ ಎಲ್ಲ ದರಗಳನ್ನೂ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಹುಡುಕಿ, ಕೂಡಿಸಿ, ನೀವು ಕೊಡುವ ಬೆಲೆಗೆ ಗುಣಿಸಿ ನೋಡಿ. ಐದು ನಿಮಿಷದ ಕೆಲಸ.

ಹಾಗೆ ನೋಡುವಾಗ ಮಡ್, ಪಿಡ್ ಎಂಬ ಎರಡು ಹೆಸರು ಕಂಡರೆ ನಿಲ್ಲಿ. ಮಡ್ ಎಂದರೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಹೊಸ ಬಡಾವಣೆಗೆ ನೀರು, ಒಳಚರಂಡಿ ಹಾಕಲು ಮಾಡಿದ ಸಾಲವನ್ನು ಅಲ್ಲಿನ ಮನೆಗಳಿಂದ ತೆರಿಗೆಯಾಗಿ ತೀರಿಸಿಕೊಳ್ಳುವ ವ್ಯವಸ್ಥೆ. ಪಿಡ್ ಎಂದರೆ ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಇದು ತೆರಿಗೆಯಲ್ಲ, ಬೇರೆ ಶುಲ್ಕ. ಹೋಮ್‌ಸ್ಟೆಡ್ ವಿನಾಯಿತಿ ಇದಕ್ಕೆ ತಾಗುವುದಿಲ್ಲ. ಬಿಲ್ಡರ್‌ನ ಮಾರಾಟದ ಕಚೇರಿಯಲ್ಲಿ ಗ್ರಾನೈಟ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ, ಈ ಎರಡರ ಬಗ್ಗೆ ನಾವೇ ಕೇಳಬೇಕು.

ಹೋಮ್‌ಸ್ಟೆಡ್ ಅರ್ಜಿ

ನೀವು ಮಾಲೀಕರಾಗಿ ವಾಸ ಮಾಡುವ ಮುಖ್ಯ ಮನೆಗೆ ಮಾತ್ರ ಈ ವಿನಾಯಿತಿ. ನಮ್ಮ ಬೆಂಗಳೂರಿನಲ್ಲೂ ಸ್ವಂತ ವಾಸದ ಮನೆಗೆ ಕಡಿಮೆ, ಬಾಡಿಗೆಗೆ ಕೊಟ್ಟ ಮನೆಗೆ ಜಾಸ್ತಿ ತೆರಿಗೆ ಇದೆಯಲ್ಲ, ಉದ್ದೇಶ ಅದೇ. ವಿಧಾನ ಮಾತ್ರ ಬೇರೆ. ಇಲ್ಲಿ ಮನೆಯ ಬೆಲೆಯಲ್ಲೇ ಒಂದು ಭಾಗ ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ.

ಶಾಲಾ ತೆರಿಗೆಯಲ್ಲಿ ಈ ಕಡಿತ ಈಗ 1,40,000 ಡಾಲರ್. 2022ರಲ್ಲಿ 40 ಸಾವಿರ ಇತ್ತು, 2023ರಲ್ಲಿ 1 ಲಕ್ಷ ಆಯಿತು, 2025ರ ನವೆಂಬರ್‌ನಲ್ಲಿ ಮತದಾರರು 1.4 ಲಕ್ಷಕ್ಕೆ ಒಪ್ಪಿದರು. ನಿಮ್ಮ ಶಾಲಾ ದರ 100 ಡಾಲರ್‌ಗೆ 1.05 ಡಾಲರ್ ಎಂದುಕೊಂಡರೆ ವರ್ಷಕ್ಕೆ 1,470 ಡಾಲರ್ ಉಳಿತಾಯ. ಸಿಟಿ, ಕೌಂಟಿಗಳು ತಮಗೆ ಬೇಕಾದರೆ ಬೆಲೆಯ ಶೇ 20ರವರೆಗೆ ಬಿಡಬಹುದು. ಡಾಲಸ್ ಕೌಂಟಿ ಪೂರ್ತಿ 20 ಬಿಡುತ್ತದೆ. ಎಲ್ಲರೂ ಹಾಗಲ್ಲ, ನಿಮ್ಮ ಊರಿನದ್ದು ನೋಡಿಕೊಳ್ಳಿ.

ಅರ್ಜಿಯ ನಮೂನೆ ಸಂಖ್ಯೆ 50-114. ಹೆಚ್ಚಿನ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೇ ಹಾಕಬಹುದು. ಫೀ ಇಲ್ಲ. ಮನೆ ಕೊಂಡ ಕೆಲವೇ ವಾರದಲ್ಲಿ, ನೋಡಲು ಸರ್ಕಾರಿ ಕಾಗದದಂತೆಯೇ ಇರುವ ಪತ್ರ ಅಂಚೆಯಲ್ಲಿ ಬರುತ್ತದೆ. ‘ನಿಮ್ಮ ಹೋಮ್‌ಸ್ಟೆಡ್ ಸಲ್ಲಿಸಲು ಇಷ್ಟು ಡಾಲರ್ ಕಳಿಸಿ’ ಎಂದು ಅದರಲ್ಲಿರುತ್ತದೆ. ಅದನ್ನು ಸುಮ್ನೆ ಕಸದ ಬುಟ್ಟಿಗೆ ಹಾಕಿ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ: ಡ್ರೈವಿಂಗ್ ಲೈಸೆನ್ಸ್. ಟೆಕ್ಸಸ್ ಲೈಸೆನ್ಸ್ ಅಥವಾ ಐಡಿಯಲ್ಲಿರುವ ವಿಳಾಸ ಈ ಮನೆಯದ್ದೇ ಆಗಿರಬೇಕು. ಹಳೇ ಅಪಾರ್ಟ್‌ಮೆಂಟಿನ ವಿಳಾಸ ಇದ್ದರೆ ಅರ್ಜಿ ವಾಪಸ್. ಮನೆ ಬದಲಿಸಿದ 30 ದಿನದೊಳಗೆ ಲೈಸೆನ್ಸಿನ ವಿಳಾಸ ಬದಲಿಸಬೇಕೆಂಬ ನಿಯಮ ಹೇಗೂ ಇದೆ, ಆ ಕೆಲಸ ಮೊದಲು ಮುಗಿಸಿ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಇದು ಸಿಗುತ್ತದೆಯೇ ಎಂಬ ಪ್ರಶ್ನೆ ಪ್ರತಿ ವಾಟ್ಸ್ಆ್ಯಪ್ ಗುಂಪಿನಲ್ಲೂ ಬರುತ್ತದೆ. ಕಾನೂನು ಕೇಳುವುದು ಮಾಲೀಕತ್ವ ಮತ್ತು ವಾಸ, ಪೌರತ್ವವನ್ನಲ್ಲ. ಇನ್ನೊಂದು: ಮನೆ ಎಲ್‌ಎಲ್‌ಸಿ, ಅಂದರೆ ಕಂಪನಿಯ ಹೆಸರಿನಲ್ಲಿದ್ದರೆ ವಿನಾಯಿತಿ ಇಲ್ಲ. ಬದುಕಿರುವಾಗಲೇ ಆಸ್ತಿಯನ್ನು ಹಾಕಿಡುವ ಲಿವಿಂಗ್ ಟ್ರಸ್ಟ್‌ನಲ್ಲಿದ್ದರೆ ಸಿಗುತ್ತದೆ, ಆದರೆ ಟ್ರಸ್ಟ್ ಪತ್ರದಲ್ಲಿ ಅದಕ್ಕೆ ಬೇಕಾದ ಒಕ್ಕಣೆ ಇರಬೇಕು. ಟ್ರಸ್ಟ್ ಬರೆಸುವಾಗಲೇ ವಕೀಲರಿಗೆ ಹೇಳಿಬಿಡಿ.

ಗಡುವು ಏಪ್ರಿಲ್ 30. ಆದರೆ 2022ರಿಂದ ಒಂದು ಅನುಕೂಲ ಆಗಿದೆ. ವರ್ಷದ ನಡುವೆ ಕೊಂಡರೂ, ಹಿಂದಿನ ಮಾಲೀಕರು ಆ ವರ್ಷ ಅದೇ ಮನೆಗೆ ವಿನಾಯಿತಿ ಪಡೆದಿರದಿದ್ದರೆ, ನೀವು ಸೇರಿದ ದಿನದಿಂದಲೇ ಲೆಕ್ಕ ಹಾಕಿ ಕೊಡುತ್ತಾರೆ. ಬಿಲ್ಡರ್‌ನಿಂದ ಕೊಂಡವರಿಗೆ ಇದು ನೇರವಾಗಿ ಲಾಭ. ಮರೆತು ಹೋಗಿದ್ದರೂ ಕಂಗಾಲಾಗಬೇಡಿ. ತೆರಿಗೆ ಬಾಕಿ ಬೀಳುವ ದಿನದಿಂದ ಎರಡು ವರ್ಷದವರೆಗೆ ತಡವಾದ ಅರ್ಜಿ ತೆಗೆದುಕೊಳ್ಳುತ್ತಾರೆ, ಕಟ್ಟಿದ ಹಣ ವಾಪಸ್ ಬರುತ್ತದೆ.

ಒಮ್ಮೆ ಸಿಕ್ಕರೆ ಪ್ರತಿ ವರ್ಷ ಅರ್ಜಿ ಹಾಕಬೇಕಿಲ್ಲ. ಆದರೆ ಐದು ವರ್ಷಕ್ಕೊಮ್ಮೆಯಾದರೂ ಅಪ್ರೈಸಲ್ ಡಿಸ್ಟ್ರಿಕ್ಟ್‌ನವರು ಪರಿಶೀಲನೆ ಮಾಡಬೇಕು ಎಂಬ ಕಾನೂನು 2023ರಲ್ಲಿ ಬಂದಿದೆ. ಆ ಪತ್ರ ಬಂದರೆ ಮೇಲೆ ಹೇಳಿದ ಜಾಹೀರಾತು ಪತ್ರ ಎಂದುಕೊಂಡು ಎಸೆಯಬೇಡಿ. ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಹೆಸರಿದೆಯಾ, ದುಡ್ಡು ಕೇಳಿದ್ದಾರಾ, ಇವೆರಡು ನೋಡಿದರೆ ಸಾಕು.

ಅಪ್ಪ, ಅಮ್ಮ ಊರಿಂದ ಬಂದು ಜೊತೆಯಲ್ಲೇ ಇದ್ದಾರೆ, ಹಿರಿಯರ ವಿನಾಯಿತಿ ಸಿಗುತ್ತದಾ ಎಂದು ಕೇಳುವವರಿದ್ದಾರೆ. ಮನೆಯ ಮಾಲೀಕರಿಗೆ 65 ಆಗಿರಬೇಕು, ಮನೆಯಲ್ಲಿ ಇರುವವರಿಗಲ್ಲ. ಮಾಲೀಕರಿಗೇ 65 ತುಂಬಿದರೆ ಶಾಲಾ ತೆರಿಗೆಯಲ್ಲಿ ಇನ್ನೂ 60 ಸಾವಿರ ಕಡಿತ, ಅಂದರೆ ಒಟ್ಟು 2 ಲಕ್ಷ. ಅದಕ್ಕಿಂತ ದೊಡ್ಡದು, ಅವರ ಶಾಲಾ ತೆರಿಗೆಯ ಮೊತ್ತಕ್ಕೇ ಮಿತಿ ಬೀಳುತ್ತದೆ, ಮನೆಗೆ ಹೊಸದಾಗಿ ಏನಾದರೂ ಸೇರಿಸಿ ಕಟ್ಟದಿದ್ದರೆ ಅದು ಮೇಲೇರುವುದಿಲ್ಲ.

ಶೇ 10ರ ಮಿತಿ, ಮತ್ತು ಆ ಒಂದು ವರ್ಷ

ವಿನಾಯಿತಿಯ ಜೊತೆಗೇ ಬರುವ ಇನ್ನೊಂದು ಲಾಭ ಇದು. ಹೋಮ್‌ಸ್ಟೆಡ್ ಆದ ಮನೆಯ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಈಜುಕೊಳವೋ, ಹೊಸ ಕೋಣೆಯೋ ಸೇರಿಸಿದರೆ ಅದರ ಬೆಲೆ ಮಾತ್ರ ಈ ಮಿತಿಯ ಹೊರಗೆ.

ಆದರೆ ಮಿತಿ ಕೂಡಲೇ ಶುರುವಾಗುವುದಿಲ್ಲ. 2025ರಲ್ಲಿ ಮನೆ ಕೊಂಡಿರಿ ಎನ್ನೋಣ. 2026ರ ಜನವರಿ 1ಕ್ಕೆ ನಿಮ್ಮ ಮೊದಲ ಪೂರ್ತಿ ವರ್ಷ ಶುರು. ಆ ವರ್ಷ ಅವರು ಕಟ್ಟುವ ಬೆಲೆಗೆ ತಡೆಯೇ ಇಲ್ಲ. ಶೇ 10ರ ಮಿತಿ 2027ರಿಂದ, ಅದೂ 2026ರ ಬೆಲೆಯ ಮೇಲೆ. ಅಂದರೆ 2026ರಲ್ಲಿ ಏನು ಬರೆದರೋ ಅದೇ ಅಡಿಪಾಯ.

ಲೆಕ್ಕ ನೋಡಿ. ಮನೆ ನಿಜವಾಗಿ 5.6 ಲಕ್ಷ ಬಾಳುತ್ತದೆ, ನೋಟಿಸಿನಲ್ಲಿ 6 ಲಕ್ಷ ಎಂದಿದೆ. ಶೇ 2ರ ದರದಲ್ಲಿ ಆ ವರ್ಷ 800 ಡಾಲರ್ ವ್ಯತ್ಯಾಸ. ‘ಹೋಗ್ಲಿ ಬಿಡು’ ಎಂದರೆ ಮರು ವರ್ಷ ಅವರು 6.6 ಲಕ್ಷದವರೆಗೆ ಹೋಗಬಹುದು. ತಕರಾರು ಮಾಡಿ 5.6ಕ್ಕೆ ಇಳಿಸಿದ್ದರೆ 6.16 ಲಕ್ಷಕ್ಕೇ ನಿಲ್ಲಬೇಕಿತ್ತು. ಮಾರುಕಟ್ಟೆ ಏರುತ್ತಿರುವ ಕಾಲದಲ್ಲಿ ಈ ಅಂತರ ವರ್ಷ ವರ್ಷವೂ ಹಿಂದೆಯೇ ಬರುತ್ತದೆ. ಇದಕ್ಕೇ ಮೊದಲ ಪೂರ್ತಿ ವರ್ಷದ ಪ್ರೊಟೆಸ್ಟ್ ಬಿಡಬಾರದು ಅಂದದ್ದು.

ಇದರ ಇನ್ನೊಂದು ಮುಖವೂ ಇದೆ. ಮನೆ ಹಳೆಯದಾಗಿ, ಮಾರುಕಟ್ಟೆ ಬೆಲೆ 6 ಲಕ್ಷ, ಮಿತಿಯಿಂದಾಗಿ ತೆರಿಗೆಗೆ ಹಿಡಿದದ್ದು 5.5 ಲಕ್ಷ ಎಂದಿದ್ದರೆ, ಒದ್ದಾಡಿ 5.7ಕ್ಕೆ ಇಳಿಸಿದರೂ ಬಿಲ್ಲಿನಲ್ಲಿ ಒಂದು ಡಾಲರ್ ಕಡಿಮೆಯಾಗುವುದಿಲ್ಲ. 5.5ರ ಕೆಳಗೆ ಇಳಿಸುವಷ್ಟು ಪುರಾವೆ ಇದ್ದರೆ ಮಾತ್ರ ಪ್ರೊಟೆಸ್ಟ್‌ಗೆ ಅರ್ಥ. ನೋಟಿಸಿನಲ್ಲಿ ಎರಡೂ ಬೆಲೆ ಬೇರೆ ಬೇರೆ ಸಾಲಿನಲ್ಲಿರುತ್ತವೆ, ಎರಡನ್ನೂ ಓದಿ.

ಪ್ರೊಟೆಸ್ಟ್ ಮಾಡುವುದು ಹೇಗೆ

ಗಡುವು ಮೇ 15, ಅಥವಾ ನೋಟಿಸು ಕಳಿಸಿದ 30 ದಿನ, ಯಾವುದು ತಡವೋ ಅದು. ನೋಟಿಸಿನಲ್ಲಿ ದಿನಾಂಕ ಅಚ್ಚಾಗಿಯೇ ಇರುತ್ತದೆ. ಆನ್‌ಲೈನ್‌ನಲ್ಲಿ ಸಲ್ಲಿಸುವಾಗ ಕಾರಣಗಳ ಪಟ್ಟಿ ಬರುತ್ತದೆ. ‘ಮಾರುಕಟ್ಟೆ ಬೆಲೆ ಜಾಸ್ತಿ ಹಾಕಿದ್ದಾರೆ’ ಎಂಬುದಕ್ಕೂ, ‘ಬೇರೆ ಮನೆಗಳಿಗೆ ಹೋಲಿಸಿದರೆ ಅಸಮಾನ’ ಎಂಬುದಕ್ಕೂ ಗುರುತು ಹಾಕಿ. ಒಂದನ್ನೇ ಹಾಕಿದರೆ ಆಮೇಲೆ ಇನ್ನೊಂದರ ವಾದ ಎತ್ತುವುದು ಕಷ್ಟ.

ಕೊಂಡದ್ದು ಈಚೆಗೆ, ಅದೂ ನೋಟಿಸಿನ ಬೆಲೆಗಿಂತ ಕಡಿಮೆಗೆ ಎಂದಾದರೆ ಖರೀದಿ ಮುಗಿಸುವ ದಿನದ ಕ್ಲೋಸಿಂಗ್ ಕಾಗದವೇ ನಿಮ್ಮ ಅತಿ ಗಟ್ಟಿ ಪುರಾವೆ. ಜಾಸ್ತಿಗೆ ಕೊಂಡಿದ್ದರೆ? ಟೆಕ್ಸಸ್‌ನಲ್ಲಿ ಮಾರಾಟದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಇಲ್ಲ. ಕೊಂಡ ಮೇಲೆ ‘ಎಷ್ಟಕ್ಕೆ ಕೊಂಡಿರಿ’ ಎಂದು ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ ಪ್ರಶ್ನಾವಳಿ ಬರಬಹುದು, ಅದಕ್ಕೆ ಉತ್ತರಿಸುವುದು ಕಡ್ಡಾಯವಲ್ಲ.

ಅಸಮಾನತೆಯ ವಾದ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅದಕ್ಕೆ ಬೇಕಾದ ಮಾಹಿತಿ ಎಲ್ಲ ಅವರ ವೆಬ್‌ಸೈಟಿನಲ್ಲೇ ಇದೆ. ನಿಮ್ಮ ಬೀದಿಯಲ್ಲಿ, ಅದೇ ಬಿಲ್ಡರ್ ಕಟ್ಟಿದ, ಹೆಚ್ಚು ಕಡಿಮೆ ಅದೇ ವಯಸ್ಸಿನ, ಅದೇ ಅಳತೆಯ ಮನೆಗಳನ್ನು ತೆಗೆಯಿರಿ. ಪ್ರತಿಯೊಂದರ ಬೆಲೆಯನ್ನು ಚದರ ಅಡಿಗೆ ಭಾಗಿಸಿ. ಪಕ್ಕದ ಮನೆ 205 ಡಾಲರ್, ಎದುರಿನದು 208, ನಿಮ್ಮದು 226 ಎಂದು ಬಂದರೆ ಅಲ್ಲೇ ನಿಮ್ಮ ವಾದ ಇದೆ. ಒಂದು ಪುಟದ ಪಟ್ಟಿ ಸಾಕು. ಹಾಗೆಯೇ ನಿಮ್ಮ ಮನೆಯ ದಾಖಲೆಯನ್ನೂ ಓದಿ. ಚದರ ಅಡಿ ತಪ್ಪು, ಇಲ್ಲದ ಈಜುಕೊಳ, ಇಲ್ಲದ ಬಾತ್‌ರೂಮು ಅಲ್ಲಿ ಕಂಡರೆ ಬೇರೆ ವಾದವೇ ಬೇಡ.

ಮನೆಯ ದೋಷಗಳಿಗೆ ಫೋಟೊ ಮತ್ತು ಕಂಟ್ರ್ಯಾಕ್ಟರ್ ಕೊಟ್ಟ ರಿಪೇರಿಯ ಅಂದಾಜು ಎರಡೂ ಬೇಕು. ಡಾಲಸ್ ಸುತ್ತಿನ ನೆಲ ನಮ್ಮ ಗದಗ, ಧಾರವಾಡದ ಕಡೆಯ ಎರೆಮಣ್ಣಿನಂತೆ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಫೌಂಡೇಶನ್ ಬಿರುಕು ಅಲ್ಲಿ ಸಾಮಾನ್ಯ, ರಿಪೇರಿ ದುಬಾರಿ. ಗೋಡೆಯ ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ತೆಗೆದ ಫೋಟೊ ಒಂದಿದ್ದರೆ ಹತ್ತು ಮಾತು ಉಳಿಯುತ್ತದೆ. ‘ನನಗೆ ತೆರಿಗೆ ಕಟ್ಟಲು ಕಷ್ಟ’, ‘ಕಳೆದ ವರ್ಷಕ್ಕಿಂತ ಎಷ್ಟು ಏರಿಸಿದಿರಿ ನೋಡಿ’ ಎಂಬ ಮಾತುಗಳಿಗೆ ಅಲ್ಲಿ ಬೆಲೆ ಇಲ್ಲ. ಕೇಳುವವರು ಜನವರಿ 1ರ ಬೆಲೆ ಎಷ್ಟು ಎಂಬುದನ್ನು ಮಾತ್ರ ತೀರ್ಮಾನಿಸಬಲ್ಲರು.

ಮೊದಲು ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಸಿಬ್ಬಂದಿಯ ಜೊತೆ ಅನೌಪಚಾರಿಕ ಮಾತುಕತೆ. ಅನೇಕ ಪ್ರಕರಣ ಇಲ್ಲೇ ಮುಗಿಯುತ್ತವೆ. ಅವರು ಹೇಳಿದ ಬೆಲೆ ಸರಿ ಅನ್ನಿಸದಿದ್ದರೆ ಒಪ್ಪಿ ಸಹಿ ಹಾಕಬೇಡಿ. ಸಹಿ ಹಾಕಿದರೆ ಆ ವರ್ಷದ ಬಾಗಿಲು ಮುಚ್ಚಿತು. ಮುಂದಿನದು ಅಪ್ರೈಸಲ್ ರಿವ್ಯೂ ಬೋರ್ಡ್. ಸ್ಥಳೀಯ ನಾಗರಿಕರ ಸಣ್ಣ ಸಮಿತಿ ನಿಮ್ಮ ಮಾತನ್ನೂ ಅವರ ಮಾತನ್ನೂ ಕೇಳುತ್ತದೆ. ಫೋನಿನಲ್ಲೇ ಹಾಜರಾಗಬಹುದು. ವಿಚಾರಣೆಗೆ 14 ದಿನ ಮೊದಲು, ನಿಮ್ಮ ವಿರುದ್ಧ ತೋರಿಸಲಿರುವ ದಾಖಲೆಗಳನ್ನು ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ತಪ್ಪದೆ ಕೇಳಿ ತರಿಸಿಕೊಳ್ಳಿ. ಅವರು ಆರಿಸಿಕೊಂಡ ಹೋಲಿಕೆಯ ಮನೆಗಳಲ್ಲಿ ಒಂದು ಕೆರೆಯ ದಡದ ಮೇಲಿದ್ದು, ನಿಮ್ಮದರ ಹಿತ್ತಲಿಗೆ ಹೈವೇ ಇದ್ದರೆ, ಅದನ್ನು ಹೇಳಲು ಮೊದಲೇ ಗೊತ್ತಿರಬೇಕಲ್ಲ.

ಬೋರ್ಡ್ ತೀರ್ಪೂ ಸರಿ ಕಾಣದಿದ್ದರೆ 60 ದಿನದೊಳಗೆ ಬೈಂಡಿಂಗ್ ಆರ್ಬಿಟ್ರೇಶನ್‌ಗೆ, ಅಂದರೆ ಇಬ್ಬರೂ ಒಪ್ಪಲೇಬೇಕಾದ ಮಧ್ಯಸ್ಥರ ತೀರ್ಪಿಗೆ, ಹೋಗಬಹುದು. 5 ಲಕ್ಷದವರೆಗಿನ ಹೋಮ್‌ಸ್ಟೆಡ್‌ಗೆ 450 ಡಾಲರ್ ಠೇವಣಿ, ಅದಕ್ಕಿಂತ ಮೇಲೆ 500. ಇದಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ಉಳಿಸಿದ ತೆರಿಗೆಯಲ್ಲಿ ಪಾಲು ತೆಗೆದುಕೊಂಡು ಪ್ರೊಟೆಸ್ಟ್ ಮಾಡುವ ಕಂಪನಿಗಳಿವೆ. ತಪ್ಪೇನಿಲ್ಲ. ಆದರೆ ಮೊದಲ ಪೂರ್ತಿ ವರ್ಷದ್ದನ್ನು ನೀವೇ ಮಾಡಿ ಎನ್ನುತ್ತೇನೆ. ಸಾವಿರಾರು ಮನೆಗಳನ್ನು ಒಟ್ಟಿಗೆ ನಡೆಸುವವರು ನಿಮ್ಮ ಗೋಡೆಯ ಬಿರುಕು ನೋಡಲು ಬರುವುದಿಲ್ಲ.

ಹೊಸ ಮನೆಯವರಿಗೆ ಎಸ್ಕ್ರೊ ಆಘಾತ

ಸಾಲ ಇದ್ದವರು ಸಾಮಾನ್ಯವಾಗಿ ತೆರಿಗೆಯನ್ನು ತಿಂಗಳ ಕಂತಿನ ಜೊತೆ ಎಸ್ಕ್ರೊ ಖಾತೆಗೆ ಕಟ್ಟುತ್ತಾರೆ. ಬ್ಯಾಂಕು ವರ್ಷದ ಕೊನೆಗೆ ಕೌಂಟಿಗೆ ಕೊಡುತ್ತದೆ. ಹೊಸ ಮನೆಯಲ್ಲಿ ಇದು ಕೈಕೊಡುವುದು ಹೀಗೆ.

ಜನವರಿ 1ಕ್ಕೆ ನಿಮ್ಮದು ಬರೀ ಸೈಟು, ಬೆಲೆ 1.2 ಲಕ್ಷ. ಜೂನ್‌ನಲ್ಲಿ ಮನೆ ಮುಗಿದು ಗೃಹಪ್ರವೇಶ. ಆ ವರ್ಷದ ಬಿಲ್ಲು ಸೈಟಿಗೆ ಮಾತ್ರ, ಶೇ 2.2ರಂತೆ 2,640 ಡಾಲರ್. ಬ್ಯಾಂಕು ಅದನ್ನೇ ಆಧಾರ ಮಾಡಿಕೊಂಡು ತಿಂಗಳಿಗೆ 220 ಡಾಲರ್ ಕಟ್ಟಿಸಿಕೊಳ್ಳುತ್ತದೆ. ಮರು ವರ್ಷ ಮನೆಗೂ ಸೇರಿ 5.5 ಲಕ್ಷ ಬೆಲೆ. ಶಾಲಾ ವಿನಾಯಿತಿ ಕಳೆದರೂ ಬಿಲ್ಲು 10,630. ಖಾತೆಯಲ್ಲಿ ಸುಮಾರು 8 ಸಾವಿರ ಕೊರತೆ. ಆಗ ಬ್ಯಾಂಕು ಹೊಸ ತೆರಿಗೆಗೆ ತಿಂಗಳಿಗೆ 886, ಹಳೇ ಕೊರತೆಗೆ 666 ಎಂದು ಸೇರಿಸುತ್ತದೆ. ಕಂತು ಒಮ್ಮೆಲೇ 1,300 ಡಾಲರ್ ಏರುತ್ತದೆ. ಬಡ್ಡಿದರ ಬದಲಾಯಿತೇನೋ ಎಂದು ಗಾಬರಿಯಾಗುವವರು ಎಷ್ಟೋ ಜನ.

ಕ್ಲೋಸಿಂಗ್‌ಗೆ ಮೊದಲೇ ಬ್ಯಾಂಕಿಗೆ ಒಂದು ಮಾತು ಹೇಳಿ: ಪೂರ್ತಿ ಮನೆಯ ಬೆಲೆಯ ಮೇಲೆ ಎಸ್ಕ್ರೊ ಲೆಕ್ಕ ಹಾಕಿ ಎಂದು. ಅವರು ಒಪ್ಪದಿದ್ದರೆ ಆ ವ್ಯತ್ಯಾಸವನ್ನು ನೀವೇ ತಿಂಗಳು ತಿಂಗಳು ಬೇರೆ ಖಾತೆಯಲ್ಲಿ ಎತ್ತಿಡಿ.

ಫೆಡರಲ್ ತೆರಿಗೆಯಲ್ಲಿ

ಆಸ್ತಿ ತೆರಿಗೆಯನ್ನು ಐಟಮೈಸ್ ಮಾಡುವವರು, ಅಂದರೆ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸುವವರು, ಆದಾಯದಿಂದ ಕಳೆಯಬಹುದು. 2018ರಿಂದ 10 ಸಾವಿರಕ್ಕೆ ಕಟ್ಟಿಹಾಕಿದ್ದ ಮಿತಿಯನ್ನು 2025ಕ್ಕೆ 40 ಸಾವಿರಕ್ಕೆ ಏರಿಸಿದ್ದಾರೆ, ಆದಾಯ 5 ಲಕ್ಷ ದಾಟಿದವರಿಗೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಗಂಡ, ಹೆಂಡತಿ ಸೇರಿ ಸಲ್ಲಿಸಿದರೆ, ಪಟ್ಟಿ ಇಲ್ಲದೆಯೇ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 2025ಕ್ಕೆ 31,500. ಬಡ್ಡಿ, ತೆರಿಗೆ ಎಲ್ಲ ಸೇರಿ ಅದನ್ನು ದಾಟಿದರೆ ಮಾತ್ರ ಲಾಭ. ಲೆಕ್ಕಕ್ಕೆ ಬರುವುದು ಕೌಂಟಿಗೆ ನಿಜವಾಗಿ ಕಟ್ಟಿದ ಹಣ, ಎಸ್ಕ್ರೊಗೆ ಹಾಕಿದ್ದಲ್ಲ. ಎಸ್ಕ್ರೊ ಇಲ್ಲದವರು ಡಿಸೆಂಬರ್‌ನಲ್ಲಿ ಕಟ್ಟಬೇಕೋ ಜನವರಿಯಲ್ಲೋ ಎಂದು ತಾವೇ ಆರಿಸಿಕೊಳ್ಳಬಹುದು. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಫೀ ಇದರಲ್ಲಿ ಸೇರುವುದಿಲ್ಲ.

ಮನೆ ಬಿಟ್ಟು ಹೋಗುವಾಗ

ಪ್ರಾಜೆಕ್ಟ್ ಮುಗಿಯುವವರೆಗೆ ಒಂದು ವರ್ಷ ಬೆಂಗಳೂರಿಗೆ ಹೋಗಿ ಬರುತ್ತೀರಿ. ವಾಪಸ್ ಬರುವ ಉದ್ದೇಶ ಇದ್ದು, ಬೇರೆ ಕಡೆ ಮುಖ್ಯ ಮನೆ ಮಾಡಿಕೊಳ್ಳದಿದ್ದರೆ, ಎರಡು ವರ್ಷದೊಳಗಿನ ಗೈರಿಗೆ ಹೋಮ್‌ಸ್ಟೆಡ್ ಹೋಗುವುದಿಲ್ಲ. ಆದರೆ ಹೊಸ ಮನೆ ಕೊಂಡು ಹಳೆಯದನ್ನು ಬಾಡಿಗೆಗೆ ಕೊಟ್ಟರೆ ಹಳೆಯದರ ವಿನಾಯಿತಿ ಮುಗಿಯಿತು. ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ನೀವೇ ಬರೆದು ತಿಳಿಸಬೇಕು. ಗಂಡನ ಹೆಸರಲ್ಲೊಂದು, ಹೆಂಡತಿಯ ಹೆಸರಲ್ಲೊಂದು ಹೋಮ್‌ಸ್ಟೆಡ್ ಇಟ್ಟುಕೊಳ್ಳುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ದಂಪತಿಗೆ ಒಂದೇ ಮನೆ. ಅರ್ಹತೆ ಇಲ್ಲದೆ ಪಡೆದದ್ದು ಗೊತ್ತಾದರೆ ಐದು ವರ್ಷ ಹಿಂದಕ್ಕೆ ಹೋಗಿ ಬಾಕಿ ತೆರಿಗೆ ವಸೂಲಿ ಮಾಡುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕಿದ ವಾರವೇ ಆ ಪತ್ರ ಕಳಿಸಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ.